ಅಟ್ಯಾಕ್ ಆದ ಕೂಡಲೇ ಬೈಪಾಸ್ ಯಾಕೆ ಮಾಡೋದಿಲ್ಲ?

ಕಲಬುರಗಿಯ ಯಾವುದಾದರೂ ಹೃದಯದ ಆಸ್ಪತ್ರೆಯ ಐಸಿಯು ಮುಂದೆ ಒಂದು ಸಂಜೆ ಕೂತು ನೋಡಿ. ಎರಡು ಥರದ ಮಾತು ಕಿವಿಗೆ ಬೀಳುತ್ತವೆ. ಒಬ್ಬರು ಅನ್ನುತ್ತಾರೆ, "ಇಷ್ಟು ದೊಡ್ಡ ಅಟ್ಯಾಕ್ ಆಗ್ಯದ, ಇನ್ನೂ ಆಪರೇಷನ್ ಮಾಡವಲ್ಲರು." ಇನ್ನೊಬ್ಬರು, "ಆಪರೇಷನ್ ಬ್ಯಾಡೇ ಬ್ಯಾಡ, ಎದಿ ಸೀಳ್ತಾರಂತ, ಒಂದ್ ಸ್ಟಂಟ್ ಹಾಕಿ ಕಳಿಸ್ರಿ ಸಾಕು." ಮೊದಲನೆಯವರಿಗೆ ಬೈಪಾಸ್ ಅಂದರೆ ಎಲ್ಲಕ್ಕಿಂತ ದೊಡ್ಡ ಚಿಕಿತ್ಸೆ, ತಡ ಮಾಡಿದರೆ ಡಾಕ್ಟರು ಅಸಡ್ಡೆ ಮಾಡುತ್ತಿದ್ದಾರೆ ಅಂತಲೇ ಲೆಕ್ಕ. ಎರಡನೆಯವರಿಗೆ ಬೈಪಾಸ್ ಅಂದರೆ ಮನುಷ್ಯ ಇನ್ನು ಮುಗಿದ, ಹೊಲದ ಕಡೆ ಮತ್ತೆ ಕಾಲಿಡಲಾರ ಅಂತ.

ನಮ್ಮ ಕಾಕಾನ ಜೊತೆ ಆಸ್ಪತ್ರೆಯಲ್ಲಿ ಇದ್ದಾಗ ಈ ಎರಡೂ ಮಾತು ನಮ್ಮ ಮನೆಯವರ ಬಾಯಲ್ಲೇ ಬಂದವು, ಒಂದೇ ದಿನ. ಆಗ ಡಾಕ್ಟರನ್ನು ಕೇಳಿ, ನರ್ಸ್‌ಗಳನ್ನು ಕೇಳಿ, ಆಮೇಲೆ ಓದಿ ತಿಳಿದುಕೊಂಡದ್ದನ್ನು ಬರೆಯುತ್ತಿದ್ದೇನೆ. ನಮ್ಮ ಭಾಗದ ಜನಕ್ಕೆ ಇದು ಗೊತ್ತಿರಲೇಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಯಾಕಂದರೆ ಇದು ಗೊತ್ತಿಲ್ಲದೆ ನಾವು ದಾರಿಯಲ್ಲೇ ಜನರನ್ನು ಕಳೆದುಕೊಳ್ಳುತ್ತಿದ್ದೇವೆ.

ಮುಖ್ಯ ಮಾತು ಮೊದಲೇ ಹೇಳಿಬಿಡುತ್ತೇನೆ. ಅಟ್ಯಾಕ್ ಆದ ಮೊದಲ ಗಂಟೆಗಳಲ್ಲಿ ಜೀವ ಉಳಿಸುವುದು ಹೆಚ್ಚಿನ ಸಲ ಬೈಪಾಸ್ ಅಲ್ಲ. ಹತ್ತಿರದ ಆಸ್ಪತ್ರೆಯಲ್ಲಿ ತೆಗೆಯುವ ಒಂದು ಇಸಿಜಿ, ಅದನ್ನು ನೋಡಿ ಕೊಡುವ ಒಂದು ಇಂಜೆಕ್ಷನ್, ಇಲ್ಲವೇ ಸೌಕರ್ಯ ಇದ್ದ ಕಡೆ ಬಲೂನ್ ಹಾಕಿ ನಾಳ ತೆರೆಯುವುದು. ಬೈಪಾಸ್ ಬರುವುದು ಆಮೇಲೆ, ಬೇಕಾದವರಿಗೆ ಮಾತ್ರ, ಹೃದಯ ಸ್ವಲ್ಪ ಸುಧಾರಿಸಿದ ಮೇಲೆ.

ಅಟ್ಯಾಕಿನಲ್ಲಿ ಆಗೋದೇನು? ಹೃದಯದ ಸ್ನಾಯುವಿಗೆ ರಕ್ತ ಕೊಡುವ ನಾಳದೊಳಗೆ ವರ್ಷಗಟ್ಟಲೆ ಕೊಬ್ಬು ಕೂತಿರುತ್ತದೆ. ಒಂದು ದಿನ ಆ ಕೊಬ್ಬಿನ ಪದರ ಬಿರಿಯುತ್ತದೆ. ಬಿರಿದ ಕಡೆ ರಕ್ತ ಹೆಪ್ಪುಗಟ್ಟಿ ನಾಳ ಪೂರ್ತಿ ಮುಚ್ಚಿಹೋಗುತ್ತದೆ. ಸುಮಾರು 20 ನಿಮಿಷ ರಕ್ತ ನಿಂತರೆ ಸ್ನಾಯು ಸಾಯಲು ಶುರು. ಒಳಗಿನ ಪದರದಿಂದ ಶುರುವಾಗಿ ಹೊರಗಿನವರೆಗೆ, ಗಂಟೆ ಗಂಟೆಗೂ ಜಾಸ್ತಿ ಆಗುತ್ತಾ ಹೋಗುತ್ತದೆ. ಹನ್ನೆರಡು ತಾಸು ಕಳೆದರೆ ಉಳಿಸಲು ಹೆಚ್ಚೇನೂ ಇರುವುದಿಲ್ಲ. ಸತ್ತ ಸ್ನಾಯು ಮತ್ತೆ ಬರುವುದಿಲ್ಲ, ಆ ಜಾಗ ಕಲೆಯಾಗಿ ಉಳಿಯುತ್ತದೆ, "ಪಂಪಿಂಗ್ ಕಮ್ಮಿ ಅದ" ಅಂತ ಡಾಕ್ಟರು ಹೇಳುವುದು ಅದನ್ನೇ. ಅಂದರೆ ಇಲ್ಲಿ ಬೇಕಾಗಿರುವುದು ಮುಚ್ಚಿದ ಆ ಒಂದು ನಾಳವನ್ನು ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ ತೆರೆಯುವುದು.

ಬೈಪಾಸ್ ಅಂದರೆ ಬ್ಲಾಕ್ ದಾಟಿ ರಕ್ತ ಹೋಗುವ ಹಾಗೆ ಬೇರೆ ನಾಳ ಹೊಲಿಯುವುದು. ಅದಕ್ಕೆ ಎಷ್ಟು ಹೊತ್ತು ಬೇಕು ನೋಡಿ. ರೋಗಿಗೆ ಅರಿವಳಿಕೆ ಕೊಡಬೇಕು. ಎದೆಯ ನಡುವಿನ ಎಲುಬು ಕೊಯ್ದು ತೆರೆಯಬೇಕು. ಕಾಲಿನಿಂದ ರಕ್ತನಾಳ ಬಿಡಿಸಿಕೊಳ್ಳಬೇಕು, ಎದೆಗೋಡೆಯ ಒಳಗಿನಿಂದ ಇನ್ನೊಂದು ನಾಳ ಬಿಡಿಸಬೇಕು. ಆಮೇಲೆ ಕೂದಲಿಗಿಂತ ತೆಳುವಾದ ದಾರದಲ್ಲಿ ಅವನ್ನು ಹೃದಯದ ನಾಳಕ್ಕೆ ಹೊಲಿಯಬೇಕು. ಎಲ್ಲ ಸೇರಿ ಮೂರರಿಂದ ಐದು ತಾಸು. ಅದಕ್ಕೂ ಮೊದಲು ಆಂಜಿಯೋಗ್ರಾಂ (ನಾಳದೊಳಗೆ ಔಷಧ ಬಿಟ್ಟು ಬ್ಲಾಕ್ ಎಲ್ಲಿದೆ ಅಂತ ಎಕ್ಸ್‌ರೇಯಲ್ಲಿ ನೋಡುವುದು) ಆಗಬೇಕು, ಟೀಮ್ ಸೇರಬೇಕು, ರಕ್ತ ಹೊಂದಿಸಬೇಕು. ಇಷ್ಟು ಹೊತ್ತಿಗೆ ಸಾಯಬೇಕಾದ ಸ್ನಾಯು ಸತ್ತೇ ಹೋಗಿರುತ್ತದೆ. ಬಲೂನ್ ಆದರೆ ಕೈಯಿಂದಲೋ ತೊಡೆಯಿಂದಲೋ ಸಣ್ಣ ತೂತಿನಲ್ಲಿ ಹೋಗಿ ಕೆಲವೇ ನಿಮಿಷದಲ್ಲಿ ನಾಳ ತೆರೆಯುತ್ತದೆ. ಆ ನಾಳ ಮತ್ತೆ ಮುಚ್ಚದ ಹಾಗೆ ಅಲ್ಲಿ ಇಡುವ ಸಣ್ಣ ಜಾಲರಿ ಕೊಳವೆಯೇ ಸ್ಟಂಟ್. ಇಂಜೆಕ್ಷನ್ನಿಗೆ ಆಂಜಿಯೋಗ್ರಾಂ ಲ್ಯಾಬ್ ಕೂಡ ಬೇಡ, ತಾಲೂಕು ಆಸ್ಪತ್ರೆಯ ಹಾಸಿಗೆ ಸಾಕು.

ಕಾಕಾನದು ಸೇಡಂ ತಾಲೂಕಿನ ಒಂದು ಹಳ್ಳಿ. ತೊಗರಿ ರಾಶಿಯ ದಿನಗಳು. ಬೆಳಗಿನ ಜಾವ ಎದೆ ಒತ್ತಿ ಹಿಡಿದಂಗಾಗಿ, ಎಡಗೈ ಜೋಮು ಬಂದು, ಚಳಿಗಾಲದಲ್ಲೂ ಅಂಗಿ ತೊಯ್ಯುವಷ್ಟು ಬೆವೆತಿದ್ದ. ಮನೆಯಲ್ಲಿ ಗ್ಯಾಸ್ ಅಂದರು. ಊರಿನಲ್ಲಿ ಗುಳಿಗೆ ಕೊಡುವ ಆರ್‌ಎಂಪಿ ಡಾಕ್ಟರು ಕೂಡ ಗ್ಯಾಸ್ ಅಂದು ಗುಳಿಗೆ ಕೊಟ್ಟರು. ಬೆವರು ನಿಲ್ಲದೇ ಇದ್ದಾಗ ಎಲ್ಲರಿಗೂ ಹೆದರಿಕೆ ಆಯಿತು. ಗಾಡಿ ಇದ್ದ ಒಬ್ಬರು, "ಇಲ್ಲೆಲ್ಲ ಟೈಮ್ ಹಾಳು ಮಾಡಬ್ಯಾಡ್ರಿ, ಸೀದಾ ಹೈದರಾಬಾದಿಗೆ ಒಯ್ಯಮು, ದೊಡ್ಡ ಆಪರೇಷನ್ ಅಲ್ಲೇ ಆಗ್ತದ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನಮ್ಮ ಕಡೆ ಹಾಗೇ ಅಲ್ವಾ, ದೊಡ್ಡ ರೋಗ ಅಂದರೆ ಹೈದರಾಬಾದ್, ಇಲ್ಲವೇ ಸೊಲ್ಲಾಪುರ. ತಲೆಮಾರುಗಳಿಂದ ಅದೇ ರೂಢಿ.

ಕಾಕಾನ ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಅವಳು ಗಾಡಿಯ ಬಾಗಿಲು ಹಿಡಿದು ನಿಂತುಬಿಟ್ಟಳಂತೆ. "ಮೊದ್ಲ ಇಲ್ಲೇ ಸರ್ಕಾರಿ ದವಾಖಾನ್ಯಾಗ ಇಸಿಜಿ ಆಗ್ಲಿ, ಆಮ್ಯಾಲ ಎಲ್ಲಿಗ್ಯಾರ ಹೋಗಮು." ಆಗ ಅವಳನ್ನು ಬೈದವರೇ ಜಾಸ್ತಿ. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು. ಆಸ್ಪಿರಿನ್ ಅಗಿದು ನುಂಗಲು ಹೇಳಿದರು, ಇನ್ನೆರಡು ಗುಳಿಗೆ ಕೊಟ್ಟರು. ಇಸಿಜಿಯನ್ನು ಮೊಬೈಲಿನಲ್ಲೇ ಹೃದಯದ ಡಾಕ್ಟರಿಗೆ ಕಳಿಸಿದರು. ಆ ಕಡೆಯಿಂದ ಮಾತು ಬಂದ ಕೂಡಲೇ ಹೆಪ್ಪು ಕರಗಿಸುವ ಇಂಜೆಕ್ಷನ್. ಆಮೇಲೆ ಆಂಬುಲೆನ್ಸಿನಲ್ಲಿ ಕಲಬುರಗಿ. ಶಹರ ಮುಟ್ಟುವ ಹೊತ್ತಿಗೆ ಕಾಕಾನ ಎದೆನೋವು ಹೋಗಿತ್ತು. ನಾಳ ತೆರೆದಿತ್ತು.

ಈ ಇಂಜೆಕ್ಷನ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಅದರ ಹೆಸರು ಟೆನೆಕ್ಟೆಪ್ಲೇಸ್. ರೋಗಿಯ ತೂಕ ನೋಡಿ ಒಂದೇ ಸಲಕ್ಕೆ ನರಕ್ಕೆ ಕೊಡುತ್ತಾರೆ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲಿ ಇದನ್ನು ಬಿಟ್ಟಿ ಕೊಡುತ್ತಾರೆ. 2021ರ ಅಕ್ಟೋಬರ್ 29ರಂದು ಪುನೀತ್ ಹೃದಯಾಘಾತದಿಂದ ಹೋದಾಗ ಇಡೀ ರಾಜ್ಯ ಅತ್ತಿತ್ತು. ಆ ಹೆಸರಿನಲ್ಲಿ ಹಳ್ಳಿಯ ಮನುಷ್ಯನಿಗೆ ಸಮಯಕ್ಕೆ ಒಂದು ಇಂಜೆಕ್ಷನ್ ಸಿಗುವುದು ದೊಡ್ಡ ಮಾತು. ಹಳೆಯ ಔಷಧ ಸ್ಟ್ರೆಪ್ಟೋಕೈನೇಸ್. ಅದನ್ನು 15 ಲಕ್ಷ ಯೂನಿಟ್ ಸಲೈನಿನಲ್ಲಿ ಹಾಕಿ ಅರ್ಧ ತಾಸಿನಿಂದ ಒಂದು ತಾಸು ಬಿಡುತ್ತಾರೆ. ಯಾವುದೇ ಇರಲಿ, ನೋವು ಶುರುವಾಗಿ 12 ತಾಸಿನೊಳಗೆ ಕೊಡಬೇಕು, ಮೊದಲ ಎರಡು ಮೂರು ತಾಸಿನಲ್ಲಿ ಸಿಕ್ಕರೆ ಅದರ ಗುಣವೇ ಬೇರೆ. ಎಲ್ಲರಿಗೂ ಕೊಡಲು ಬರುವುದಿಲ್ಲ. ಹಿಂದೆ ಮೆದುಳಿನಲ್ಲಿ ರಕ್ತಸ್ರಾವ ಆದವರಿಗೆ, ಇತ್ತೀಚೆಗೆ ಲಕ್ವಾ ಹೊಡೆದವರಿಗೆ, ದೊಡ್ಡ ಆಪರೇಷನ್ ಆದವರಿಗೆ ಅಪಾಯ. ಅದಕ್ಕೇ ಡಾಕ್ಟರು ಅವಸರದಲ್ಲೂ ಅಷ್ಟೊಂದು ಪ್ರಶ್ನೆ ಕೇಳುವುದು. ಮುಚ್ಚಿಡದೆ ಹೇಳಬೇಕು. ಇಂಜೆಕ್ಷನ್ ಆದ ಮೇಲೂ ಕೆಲಸ ಮುಗಿಯಲಿಲ್ಲ, ನೋವು ಹೋದರೂ 2ರಿಂದ 24 ತಾಸಿನೊಳಗೆ ಆಂಜಿಯೋಗ್ರಾಂ ಆಗಬೇಕು ಅನ್ನುತ್ತಾರೆ. ನೋವು ಹೋಗದಿದ್ದರೆ ಕೂಡಲೇ.

ಒಂದು ಕಾಲದಲ್ಲಿ ಅಟ್ಯಾಕ್ ಆದ ಕೂಡಲೇ ಬೈಪಾಸ್ ಮಾಡಿದವರೂ ಇದ್ದರು. ಆ ಕಥೆ ಓದಿದಾಗ ನನಗೆ ರೋಮಾಂಚನವಾಯಿತು.

ಕಾಲಿನ ರಕ್ತನಾಳ ತೆಗೆದು ಹೃದಯಕ್ಕೆ ಹೊಲಿಯುವ ಬೈಪಾಸನ್ನು ಗಟ್ಟಿಯಾಗಿ ನೆಲೆಗೆ ತಂದವರು ಅರ್ಜೆಂಟೀನಾದ ರೆನೆ ಫವಲೋರೊ, 1967ರಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ. ಅದಕ್ಕೂ ಮೂರು ವರ್ಷ ಮೊದಲು ಲೆನಿನ್‌ಗ್ರಾಡಿನಲ್ಲಿ ಕೊಲೆಸೊವ್ ಎದೆಯೊಳಗಿನ ನಾಳವನ್ನೇ ಹೃದಯಕ್ಕೆ ಜೋಡಿಸಿದ್ದರು. ನಮ್ಮ ದೇಶದಲ್ಲಿ ಮೊದಲ ಬೈಪಾಸ್ 1975ರಲ್ಲಿ, ಚೆನ್ನೈನ ಪೆರಂಬೂರಿನ ರೈಲ್ವೆ ಆಸ್ಪತ್ರೆಯಲ್ಲಿ, ಡಾ. ಕೆ.ಎಂ. ಚೆರಿಯನ್ ಮಾಡಿದ್ದು. ಆ ಹೊತ್ತಿಗೆ ಅಟ್ಯಾಕ್ ಆದವರಿಗೆ ಹೆಚ್ಚಿನ ಕಡೆ ಮಲಗಿಸಿ, ನೋವಿಗೆ ಮಾರ್ಫಿನ್ ಕೊಟ್ಟು, ಆಮ್ಲಜನಕ ಹಾಕಿ, ಹೃದಯದ ಬಡಿತದ ಮೇಲೆ ಕಣ್ಣಿಟ್ಟು ಕಾಯುತ್ತಿದ್ದರು. ಮುಚ್ಚಿದ ನಾಳಕ್ಕೆ ಏನೂ ಮಾಡುತ್ತಿರಲಿಲ್ಲ. ಹೆಪ್ಪು ಅಟ್ಯಾಕಿಗೆ ಕಾರಣವೋ, ಅಟ್ಯಾಕ್ ಆದ ಮೇಲೆ ಹೆಪ್ಪು ಬರುತ್ತದೋ ಅನ್ನುವುದರ ಮೇಲೇ ಡಾಕ್ಟರುಗಳ ನಡುವೆ ಜಗಳವಿತ್ತು.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸ್ಪೋಕೇನ್ ಅಂತ ಒಂದು ಊರು. ಅಲ್ಲಿನ ಡಾಕ್ಟರುಗಳು 1970ರ ದಶಕದಲ್ಲಿ ಅಟ್ಯಾಕ್ ಆಗುತ್ತಿರುವಾಗಲೇ ಆಂಜಿಯೋಗ್ರಾಂ ಮಾಡಿ, ಅಲ್ಲಿಂದ ಸೀದಾ ಬೈಪಾಸಿಗೆ ಒಯ್ಯುತ್ತಿದ್ದರು. ಬೇರೆಯವರು ಇದನ್ನು ಹುಚ್ಚು ಸಾಹಸ ಅಂದುಕೊಂಡಿದ್ದ ಕಾಲ ಅದು. ಆದರೆ ಆ ಆಂಜಿಯೋಗ್ರಾಂಗಳಲ್ಲಿ ಜಗತ್ತು ಅಲ್ಲಿಯವರೆಗೆ ಸರಿಯಾಗಿ ಕಾಣದಿದ್ದದ್ದು ಕಂಡಿತು. ಮಾರ್ಕಸ್ ಡಿವುಡ್ ಮತ್ತು ಜೊತೆಯವರು 1980ರಲ್ಲಿ ಅದನ್ನು ಪ್ರಕಟಿಸಿದರು. ನೋವು ಶುರುವಾಗಿ ನಾಲ್ಕು ತಾಸಿನೊಳಗೆ ನೋಡಿದವರಲ್ಲಿ ಶೇ 87ರಷ್ಟು ಜನಕ್ಕೆ ನಾಳ ಪೂರ್ತಿ ಮುಚ್ಚಿತ್ತು. 12ರಿಂದ 24 ತಾಸಿಗೆ ನೋಡಿದವರಲ್ಲಿ ಅದು ಶೇ 65ಕ್ಕೆ ಇಳಿದಿತ್ತು. ಆಪರೇಷನ್ ಮಾಡುವಾಗ ನಾಳದೊಳಗಿಂದ ಹೆಪ್ಪನ್ನೇ ಹೊರಗೆ ತೆಗೆದರು. ಹೆಪ್ಪೇ ಅಟ್ಯಾಕಿಗೆ ಕಾರಣ ಅನ್ನುವುದು ಅಲ್ಲಿಗೆ ನಿಕ್ಕಿಯಾಯಿತು.

ಹೆಪ್ಪೇ ಕಾರಣ ಅಂದಮೇಲೆ ಅದನ್ನು ಕರಗಿಸಬಹುದಲ್ಲ! 1986ರಲ್ಲಿ ಇಟಲಿಯಲ್ಲಿ ಸಾವಿರಾರು ರೋಗಿಗಳಿಗೆ ಸ್ಟ್ರೆಪ್ಟೋಕೈನೇಸ್ ಕೊಟ್ಟು ನೋಡಿದರು, ಸಾವು ಕಡಿಮೆಯಾಯಿತು. 1988ರಲ್ಲಿ 17 ಸಾವಿರಕ್ಕೂ ಜಾಸ್ತಿ ರೋಗಿಗಳ ಇನ್ನೊಂದು ದೊಡ್ಡ ಪರೀಕ್ಷೆ. ಅದರಲ್ಲಿ ಬರೀ ಆಸ್ಪಿರಿನ್ ಗುಳಿಗೆಯೇ ಸಾವನ್ನು ಐದನೇ ಒಂದು ಪಾಲಿಗಿಂತ ಜಾಸ್ತಿ ಇಳಿಸಿತು, ಆಸ್ಪಿರಿನ್ ಮತ್ತು ಸ್ಟ್ರೆಪ್ಟೋಕೈನೇಸ್ ಎರಡೂ ಸೇರಿದರೆ ಸುಮಾರು ಶೇ 40. ಅಷ್ಟರಲ್ಲಿ ಜ್ಯೂರಿಕ್‌ನಲ್ಲಿ ಗ್ರುಂಟ್ಸಿಗ್ 1977ರಲ್ಲೇ ಬಲೂನಿನಿಂದ ನಾಳ ಅಗಲ ಮಾಡಿ ತೋರಿಸಿದ್ದರು. ಹೀಗೆ ಅಟ್ಯಾಕಿನ ಹೊತ್ತಿನ ಬೈಪಾಸ್ ತಾನೇ ಕಂಡು ಹಿಡಿದ ಸಂಗತಿಯಿಂದ ತನ್ನ ಜಾಗವನ್ನು ಇಂಜೆಕ್ಷನ್ನಿಗೂ ಬಲೂನಿಗೂ ಬಿಟ್ಟುಕೊಟ್ಟಿತು. ಆ ಡಾಕ್ಟರುಗಳ ಮತ್ತು ಅವತ್ತು ಟೇಬಲ್ ಮೇಲೆ ಮಲಗಿದ್ದ ರೋಗಿಗಳ ಋಣ ಸೇಡಂನ ಒಬ್ಬ ತೊಗರಿ ರೈತನ ಮೇಲೂ ಇದೆ.

ಸರಿ, ಕಾಕಾನ ವಿಷಯಕ್ಕೆ ಬರುತ್ತೇನೆ. ಕಲಬುರಗಿಯಲ್ಲಿ ಆಂಜಿಯೋಗ್ರಾಂ ಆಯಿತು. ಡಾಕ್ಟರು ನಮ್ಮನ್ನು ಒಳಗೆ ಕರೆದು ಕಂಪ್ಯೂಟರಿನಲ್ಲಿ ತೋರಿಸಿದರು. ಬಡಿಯುವ ಹೃದಯದ ಮೇಲೆ ಕಪ್ಪು ಗೆರೆಗಳು ಮೂಡುತ್ತವೆ, ಮಾಯವಾಗುತ್ತವೆ. ಒಂದೊಂದು ಕಡೆ ಗೆರೆ ದಾರದಷ್ಟು ಸಣ್ಣ ಆಗಿಬಿಡುತ್ತಿತ್ತು. ಮೂರೂ ನಾಳಗಳಲ್ಲಿ ಬ್ಲಾಕ್. ಹೃದಯದ ಮುಂಭಾಗಕ್ಕೆ ಹೋಗುವ ದೊಡ್ಡ ನಾಳದಲ್ಲಿ ಬುಡದಲ್ಲೇ ಇತ್ತು. ಮೇಲೆ ಬಹಳ ವರ್ಷಗಳ ಶುಗರ್. "ಇವರಿಗೆ ಬೈಪಾಸೇ ಒಳ್ಳೇದು," ಅಂದರು. "ಆದ್ರ ಇವತ್ತಲ್ಲ."

ಕಾಕಾನ ಹೆಂಡತಿ, ನಮ್ಮ ಕಾಕು, ಅಲ್ಲೇ ಕಣ್ಣೀರು ಹಾಕಿದಳು. "ಯಾಕ್ರೀ ಸಾಹೇಬ್ರ, ರೊಕ್ಕದ ಸಲುವಾಗೇನು? ಹೊಲ ಅದ, ಹೊಂದಸ್ತೀವಿ. ಇವತ್ತೇ ಮಾಡ್ರಿ."

ಆ ಡಾಕ್ಟರಿಗೆ ಹೊರಗೆ ಎಷ್ಟೋ ಜನ ಕಾಯುತ್ತಿದ್ದರು. ಆದರೂ ಕುರ್ಚಿ ಎಳೆದು ಕಾಕುವಿನ ಎದುರು ಕೂತರು. "ರೊಕ್ಕದ ಮಾತಲ್ಲ ಅವ್ವಾ. ಈಗ ಅವರಿಗಿ ನೋವಿಲ್ಲ, ಬಿಪಿ ಸರಿ ಅದ, ರಕ್ತ ಹರಿಲತ್ತದ. ಹೆಪ್ಪು ಆಗಬಾರ್ದಂತ ಕೊಟ್ಟ ಔಷಧಿ ಮೈಯಾಗ ಇನ್ನೂ ಅದ. ಇವತ್ತ ಎದಿ ತೆರೆದ್ರ ರಕ್ತ ನಿಲ್ಲಂಗಿಲ್ಲ. ಹಾರ್ಟಿಗಿ ಈಗಷ್ಟೇ ಪೆಟ್ಟು ಬಿದ್ದದ, ಅದೂ ಜರಾ ಸುಧಾರಿಸ್ಕೊಳ್ಳಿ."

ಆಮೇಲೆ ಓದಿದಾಗ ಆ ನಾಲ್ಕು ಮಾತಿನಲ್ಲಿ ಎಲ್ಲವೂ ಬಂದಿತ್ತು ಅನಿಸಿತು. ಅಟ್ಯಾಕ್ ಆದವರಿಗೆ ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲಾರ್ ಕೊಡುತ್ತಾರೆ. ಇವು ಹೆಪ್ಪು ಕಟ್ಟಿಸುವ ರಕ್ತದ ಸಣ್ಣ ಕಣಗಳು, ಅಂದರೆ ಪ್ಲೇಟ್ಲೆಟ್, ಒಂದಕ್ಕೊಂದು ಅಂಟದ ಹಾಗೆ ಮಾಡುತ್ತವೆ. ನಾಳ ಮತ್ತೆ ಮುಚ್ಚದಿರಲು ಅದು ಬೇಕೇ ಬೇಕು, ಆದರೆ ಆಪರೇಷನ್ನಿನಲ್ಲಿ ಅದೇ ತೊಂದರೆ. ಕ್ಲೊಪಿಡೊಗ್ರೆಲ್ ನಿಲ್ಲಿಸಿ ಸುಮಾರು 5 ದಿನ, ಟಿಕಾಗ್ರೆಲಾರ್ ಆದರೆ 3ರಿಂದ 5 ದಿನ, ಇದೇ ಥರದ ಇನ್ನೊಂದು ಔಷಧ ಪ್ರಸುಗ್ರೆಲ್ ಆದರೆ 7 ದಿನ ಕಾಯುತ್ತಾರೆ. ಆಸ್ಪಿರಿನ್ ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ. ಇನ್ನೊಂದು ಕಾರಣ, ಪೆಟ್ಟು ಬಿದ್ದ ಸ್ನಾಯು ಊದಿಕೊಂಡು ಮೆತ್ತಗಾಗಿರುತ್ತದೆ. ಆ ಸ್ಥಿತಿಯಲ್ಲಿ ಹೃದಯ, ಶ್ವಾಸಕೋಶದ ಕೆಲಸ ಮಾಡುವ ಹಾರ್ಟ್ ಲಂಗ್ ಮೆಷಿನ್ ಮೇಲೆ ಹಾಕಿ ಹೃದಯ ನಿಲ್ಲಿಸಿದರೆ, ಮತ್ತೆ ಶುರು ಮಾಡುವಾಗ ಅದು ಸೋತುಹೋಗಬಹುದು. ನಮ್ಮ ದೇಶದಲ್ಲಿ ಬಹಳ ಸರ್ಜನ್‌ಗಳು ಹೃದಯ ಬಡಿಯುತ್ತಿರುವಾಗಲೇ ಹೊಲಿಯುತ್ತಾರೆ. ಹಾಗೆ ಮಾಡಿದರೂ ಮೊದಲ ಒಂದೆರಡು ದಿನದ ಅಪಾಯ ಜಾಸ್ತಿಯೇ. ರೋಗಿ ಸ್ಥಿರವಾಗಿದ್ದರೆ ಕೆಲವು ದಿನ ಕಾಯುವುದು ಅಸಡ್ಡೆ ಅಲ್ಲ, ಅದೂ ಚಿಕಿತ್ಸೆಯೇ.

ಹಾಗಂತ ಅಟ್ಯಾಕಿನಲ್ಲಿ ಬೈಪಾಸ್ ಯಾವತ್ತೂ ತುರ್ತಾಗಿ ಮಾಡುವುದಿಲ್ಲ ಅಂತಲ್ಲ. ಬಲೂನ್ ಹಾಕಲು ಹೋಗಿ ಆಗದೇ ಇದ್ದಾಗ, ನಾಳ ಒಳಗೇ ಹರಿದಾಗ, ಎಡಭಾಗದ ಮುಖ್ಯ ನಾಳದ ಬುಡವೇ ಕಟ್ಟಿ ನೋವು ನಿಲ್ಲದೇ ಇದ್ದಾಗ ಕಾಯಲು ಬರುವುದಿಲ್ಲ. ಬಿಪಿ ಬಿದ್ದು ಮೈ ತಣ್ಣಗಾಗಿ ಮೂತ್ರ ನಿಲ್ಲುವ ಸ್ಥಿತಿ ಒಂದಿದೆ, ಹೃದಯ ಪಂಪ್ ಮಾಡಲಾರದೆ ಶಾಕ್‌ಗೆ ಹೋಗುವುದು. 1999ರಲ್ಲಿ ಬಂದ ಶಾಕ್ ಅನ್ನುವ ಹೆಸರಿನದೇ ಅಧ್ಯಯನದಲ್ಲಿ, ಅಂಥವರಿಗೆ ಬಲೂನಿನಿಂದಲೋ ಬೈಪಾಸಿನಿಂದಲೋ ಬೇಗ ರಕ್ತ ಹರಿಸಿದರೆ ಆರು ತಿಂಗಳ ಹೊತ್ತಿಗೆ ಬದುಕಿದವರು ಜಾಸ್ತಿ ಇದ್ದರು ಅಂತ ಗೊತ್ತಾಯಿತು. ಇನ್ನೂ ಭಯಂಕರವಾದದ್ದು, ಅಟ್ಯಾಕ್ ಆದ ಮೊದಲ ವಾರದಲ್ಲಿ ಸತ್ತ ಸ್ನಾಯು ಹರಿಯುವುದು. ಹೃದಯದ ಎರಡು ಕೋಣೆಗಳ ನಡುವಿನ ಗೋಡೆಗೆ ತೂತು ಬೀಳಬಹುದು. ಕವಾಟವನ್ನು ಹಿಡಿದಿರುವ ಸ್ನಾಯು ಕಿತ್ತು ಬರಬಹುದು. ಆಗ ಗೋಡೆ ಮುಚ್ಚುವುದು, ಕವಾಟ ಸರಿ ಮಾಡುವುದು, ಜೊತೆಗೆ ಬೈಪಾಸ್, ಎಲ್ಲವೂ ಸೇರುತ್ತದೆ. ಅಪಾಯ ಬಹಳ, ಆದರೆ ಬೇರೆ ದಾರಿ ಇಲ್ಲ. ಇವು ಕಡಿಮೆ ಜನಕ್ಕೆ ಆಗುವಂಥವು.

ಸ್ಟಂಟ್ ಸಾಕು, ಬೈಪಾಸ್ ಬೇಡ ಅನ್ನುವವರಿಗೂ ಒಂದು ಮಾತು. ಒಂದೆರಡು ಕಡೆ ಬ್ಲಾಕ್ ಇದ್ದರೆ ಸ್ಟಂಟ್ ಸರಿ. ಅಟ್ಯಾಕಿಗೆ ಕಾರಣವಾದ ನಾಳಕ್ಕೆ ಆ ಹೊತ್ತಿನಲ್ಲಿ ಸ್ಟಂಟೇ ಸರಿ. ಆದರೆ ಶುಗರ್ ಇದ್ದು ಹಲವು ನಾಳಗಳಲ್ಲಿ ಬ್ಲಾಕ್ ಇದ್ದರೆ ಬೈಪಾಸ್ ಮಾಡಿಸಿಕೊಂಡವರೇ ಮುಂದೆ ಹೆಚ್ಚು ಬದುಕುತ್ತಾರೆ. 2012ರ ಫ್ರೀಡಂ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸಿತು. ಕಾರಣ ಸರಳ. ಕಾಲುವೆಯಲ್ಲಿ ಹೂಳು ತುಂಬಿದ ಕಡೆ ಎತ್ತುವ ಬದಲು, ಮೇಲಿನಿಂದ ಬೇರೆ ಕಾಲುವೆ ತೋಡಿ ಹೊಲದ ಹತ್ತಿರ ನೀರು ಬಿಟ್ಟರೆ, ನಡುವೆ ಮುಂದೆ ಎಲ್ಲಿ ಹೂಳು ತುಂಬಿದರೂ ಹೊಲ ಒಣಗುವುದಿಲ್ಲ ನೋಡಿ, ಹಾಗೆ. ನಮ್ಮ ಕಡೆ ಶುಗರ್ ಇದ್ದೂ ಗೊತ್ತಿಲ್ಲದವರು ಎಷ್ಟೋ ಜನ. ಅಂಥವರಿಗೆ ಕೆಲವೊಮ್ಮೆ ಎದೆನೋವೇ ಬರುವುದಿಲ್ಲ, ಬರೀ ದಮ್ಮು, ಬೆವರು, ವಾಂತಿ. ಅದನ್ನೂ ಗ್ಯಾಸ್ ಅಂತ ಕೂತರೆ ಕಷ್ಟ.

ದೂರದ ಲೆಕ್ಕ ಹಾಕೋಣ. ಕಲಬುರಗಿಯಿಂದ ಹೈದರಾಬಾದ್ ಸುಮಾರು 220 ಕಿಲೋಮೀಟರ್. ಸೊಲ್ಲಾಪುರ ನೂರು ಚಿಲ್ಲರೆ. ಬೀದರಿನಿಂದ ಹೈದರಾಬಾದ್ 140ರ ಆಸುಪಾಸು. ಯಾದಗಿರಿಯಿಂದ ಕಲಬುರಗಿಗೆ ಬರಲೂ 80 ಕಿಲೋಮೀಟರ್ ಆಗುತ್ತದೆ, ಸುರಪುರದ ಆಚೆಯ ಹಳ್ಳಿಗಳಿಂದ ಇನ್ನೂ ಜಾಸ್ತಿ. ಇಷ್ಟು ದೂರವನ್ನು ಇಂಜೆಕ್ಷನ್ ಇಲ್ಲದೆ, ಬಾಡಿಗೆ ಗಾಡಿಯ ಹಿಂದಿನ ಸೀಟಿನಲ್ಲಿ ಕೂಡಿಸಿಕೊಂಡು ಹೋಗುವುದು ಅಂದರೆ ಸ್ನಾಯು ಸಾಯುವುದನ್ನು ನೋಡುತ್ತಾ ಕೂತಂತೆ. ದಾರಿಯಲ್ಲಿ ಹೃದಯದ ಬಡಿತ ಹದ ತಪ್ಪಿದರೆ ಅದನ್ನು ಸರಿ ಮಾಡಲು ಕರೆಂಟ್ ಶಾಕ್ ಕೊಡುವ ಮೆಷಿನ್ ಆ ಗಾಡಿಯಲ್ಲಿ ಇರುವುದಿಲ್ಲ. 108ಕ್ಕೆ ಫೋನ್ ಮಾಡಿ, ಹತ್ತಿರದ ಇಸಿಜಿ ಇರುವ ಆಸ್ಪತ್ರೆಗೆ ಹೋಗಿ, ಅಲ್ಲಿಂದ ಮುಂದೆ. ಹೈದರಾಬಾದೇ ಬೇಕು ಅಂದರೆ ಆಮೇಲೆ ಹೋಗಲು ಯಾರೂ ಬೇಡ ಅನ್ನುವುದಿಲ್ಲ.

ಮತ್ತೆ, ಕಲಬುರಗಿ ಈಗ ಮೊದಲಿನ ಹಾಗಿಲ್ಲ. ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಯ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ಶುರುವಾಗಿದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ಕಲಮಿನ ನೆನಪಿಗೆ ಅಷ್ಟೇ ಹಾಸಿಗೆ. ಕಾಕು ಹೊಲದ ಮಾತು ಎತ್ತಿದ್ದಳಲ್ಲ, ಆ ಬಗ್ಗೆಯೂ ಹೇಳಬೇಕು. ಬಿಪಿಎಲ್ ಕಾರ್ಡ್ ಇದ್ದ ಮನೆಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ. ಹೊಲ ಒತ್ತೆ ಇಡುವ ಮೊದಲು, ಶೇಕಡ ಮೂರರ ಬಡ್ಡಿಗೆ ಕೈಗಡ ತರುವ ಮೊದಲು, ಅವರ ಮೇಜಿನ ಮುಂದೆ ರೇಷನ್ ಕಾರ್ಡ್, ಆಧಾರ್ ಹಿಡಿದು ನಿಲ್ಲಿ. ಕಾಕಾನ ಆಪರೇಷನ್ ಆ ಕಾರ್ಡಿನಲ್ಲೇ ಆಯಿತು.

ಆಪರೇಷನ್ ಆದ ಮೇಲೆ ಕಾಕಾನಿಗೆ ಮೂರು ಚೆಂಡಿನ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. ಕೊಳವೆ ಬಾಯಲ್ಲಿಟ್ಟು ಉಸಿರು ಒಳಗೆ ಎಳೆದರೆ ಚೆಂಡು ಮೇಲೇಳಬೇಕು. ಮೊದಲ ದಿನ ಒಂದು ಚೆಂಡು ಅಲುಗಿ ಅಲ್ಲೇ ಕೂತಿತು. ಎದೆಯ ಎಲುಬನ್ನು ತಂತಿಯಿಂದ ಹೊಲಿದಿರುತ್ತಾರೆ, ಉಸಿರು ಎಳೆದರೆ ನೋವು. ಆದರೆ ಎಳೆಯದೇ ಇದ್ದರೆ ಕಫ ಕಟ್ಟಿ ನ್ಯುಮೋನಿಯಾ ಆಗುತ್ತದೆ. ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವುಚಿ ಹಿಡಿದು ಕೆಮ್ಮಬೇಕು. ನರ್ಸಮ್ಮ ತಾಸಿಗೊಮ್ಮೆ ಬಂದು, "ಅಜ್ಜಾ, ಎರಡನೇದು ಏಳಸ್ರಿ ನೋಡಮು" ಅನ್ನುತ್ತಿದ್ದಳು. ಮನೆಗೆ ಹೊರಡುವ ಹೊತ್ತಿಗೆ ಮೂರೂ ಏಳುತ್ತಿದ್ದವು. ಎಲುಬು ಕೂಡಲು ಎರಡು ಮೂರು ತಿಂಗಳು ಬೇಕು. ಅಷ್ಟು ದಿನ ಭಾರ ಎತ್ತುವಂತಿಲ್ಲ, ಬೈಕ್ ಹೊಡೆಯುವಂತಿಲ್ಲ. ತೊಗರಿ ಚೀಲ ಎತ್ತುವ ಮನುಷ್ಯನಿಗೆ ಇದನ್ನು ಒಪ್ಪಿಸುವುದು ಆಪರೇಷನ್ ಒಪ್ಪಿಸುವುದಕ್ಕಿಂತ ಕಷ್ಟವಾಯಿತು. ನಡೆಯಬೇಕು ಮಾತ್ರ, ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ. ಹಾಸಿಗೆ ಹಿಡಿಸಿ ಮಲಗಿಸುವುದು ಪ್ರೀತಿ ಅಲ್ಲ.

ಕೊನೆಯದಾಗಿ, ಬೈಪಾಸಿನಲ್ಲಿ ಹಳೇ ಬ್ಲಾಕ್ ತೆಗೆಯುವುದಿಲ್ಲ. ಅದು ಅಲ್ಲೇ ಇರುತ್ತದೆ. ಎದೆಯೊಳಗಿನ ನಾಳದಿಂದ ಮಾಡಿದ ಜೋಡಣೆ ಹತ್ತು ವರ್ಷ ಕಳೆದರೂ ನೂರಕ್ಕೆ 90ರಷ್ಟು ಜನರಲ್ಲಿ ತೆರೆದೇ ಇರುತ್ತದೆ. ಕಾಲಿನಿಂದ ತೆಗೆದ ನಾಳಗಳು ಹಾಗಲ್ಲ, ಹತ್ತು ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕಟ್ಟಿಕೊಳ್ಳುತ್ತವೆ. ತಂಬಾಕು, ಗುಟ್ಕಾ, ಬೀಡಿ ಮುಂದುವರಿದರೆ, ಶುಗರ್ ಏರಿದ್ದೇ ಆದರೆ ಇನ್ನೂ ಬೇಗ. "ಬೈಪಾಸ್ ಆಗ್ಯದಲ್ಲ, ಇನ್ನ ಗುಳಿಗಿ ಯಾಕ" ಅಂತ ನಿಲ್ಲಿಸಿದವರನ್ನು ನಮ್ಮ ಓಣಿಯಲ್ಲೇ ನೋಡಿದ್ದೇನೆ. ಆಸ್ಪಿರಿನ್, ಕೊಲೆಸ್ಟ್ರಾಲ್ ಗುಳಿಗೆ, ಬಿಪಿ ಶುಗರಿನ ಗುಳಿಗೆ ಡಾಕ್ಟರು ನಿಲ್ಲಿಸು ಅನ್ನುವವರೆಗೆ ನಡೆಯಲೇಬೇಕು, ಬಹಳ ಜನಕ್ಕೆ ಜೀವನಪೂರ್ತಿ. ಕಾಕಾ ತಂಬಾಕು ಬಿಟ್ಟಿದ್ದಾನೆ. ಡಿಸ್ಚಾರ್ಜ್ ಚೀಟಿ, ಆಂಜಿಯೋಗ್ರಾಂ ಸಿಡಿ, ಮೊದಲ ದಿನದ ಇಸಿಜಿ ಮೂರನ್ನೂ ಒಂದೇ ಕವರಿನಲ್ಲಿ ಹಾಕಿ ಟ್ರಂಕಿನ ಮೇಲೇ ಇಡಿಸಿದ್ದೇವೆ, ರಾತ್ರಿ ಯಾವ ಹೊತ್ತಿನಲ್ಲಿ ಬೇಕಾದರೂ ಕೈಗೆ ಸಿಗುವ ಹಾಗೆ.